ಹೊರಗಿನವರ ಕ್ಯಾಮೆರಾ

ನಮ್ಮ ಊರಿನ ಕಥೆಯನ್ನು ಹೊರಗಿನಿಂದ ಬಂದವರು ಹೇಳಬಹುದೇ? ಚಿತ್ರದುರ್ಗದಲ್ಲಿ ಸಿನಿಮಾದ ಮಾತು ಬಂದಾಗ ಈ ಪ್ರಶ್ನೆ ಏಳುತ್ತದೆ. ನೆಲದಲ್ಲಿ ಹುಟ್ಟಿದವರಿಗಷ್ಟೇ ನೆಲ ಗೊತ್ತು ಎನ್ನುವವರಿದ್ದಾರೆ. ಹೊಸ ಕಣ್ಣಿಗೇ ಊರು ಸರಿಯಾಗಿ ಕಾಣುತ್ತದೆ ಎನ್ನುವವರೂ ಇದ್ದಾರೆ. ಚಿತ್ರ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರನ್ನು ನೆನೆದರೆ ಎರಡು ಮಾತೂ ನಿಲ್ಲುವುದಿಲ್ಲ.

ರೆಡ್ಡಿ 1919ರಲ್ಲಿ ನೆಲ್ಲೂರಿನಲ್ಲಿ ಹುಟ್ಟಿದವರು. ಶಾಂತಿನಿಕೇತನದಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು. ತೆಲುಗಿನಲ್ಲಿ ಕವಿಯಾದರು, ಸಿನಿಮಾ ನಿರ್ಮಿಸಿದರು. ಐವತ್ತರ ಹೊತ್ತಿಗೆ ಮೊದಲ ಬಾರಿ ನಿರ್ದೇಶನಕ್ಕಿಳಿದಾಗ ಆರಿಸಿಕೊಂಡದ್ದು ಯು.ಆರ್. ಅನಂತಮೂರ್ತಿಯವರ ಕನ್ನಡ ಕಾದಂಬರಿ ‘ಸಂಸ್ಕಾರ’. ಮಾಧ್ವರ ಅಗ್ರಹಾರ, ಪ್ಲೇಗು, ಯಾರೂ ಸಂಸ್ಕಾರ ಮಾಡಲೊಲ್ಲದ ಹೆಣ. ಹೊರಗಿನವರಿಗೆ ಇದಕ್ಕಿಂತ ಬಿಗಿಯಾಗಿ ಬಾಗಿಲು ಹಾಕಿಕೊಂಡ ಕಥೆ ಸಿಗುವುದು ಕಷ್ಟ.

ಅವರು ಎಲ್ಲ ಬಲ್ಲವರಂತೆ ಒಳನುಗ್ಗಲಿಲ್ಲ. ಚಿತ್ರಕಥೆ ಗಿರೀಶ ಕಾರ್ನಾಡರದು, ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಪಾತ್ರವೂ ಅವರದೇ. ಹೆಣವಾಗಿ ಉಳಿಯುವ ನಾರಣಪ್ಪನಾಗಿ ಪಿ. ಲಂಕೇಶ್, ಸಂಗೀತಕ್ಕೆ ರಾಜೀವ ತಾರಾನಾಥ, ಕಲಾ ನಿರ್ದೇಶನಕ್ಕೆ ಎಸ್.ಜಿ. ವಾಸುದೇವ್. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಸ್ವತಂತ್ರ ಸಿನಿಮಾ ಎಂದರೆ ಒಬ್ಬನೇ ಎಲ್ಲವನ್ನೂ ಮಾಡುವುದೆಂದು ನಾವು ತಿಳಿದಿದ್ದೇವೆ. ಇಲ್ಲಿ ಸ್ವಾತಂತ್ರ್ಯವಿದ್ದದ್ದು ಯಾರನ್ನು ನೆಚ್ಚಬೇಕೆಂದು ತಾನೇ ತೀರ್ಮಾನಿಸುವುದರಲ್ಲಿ. ಮೊದಲು ಸೆನ್ಸಾರ್ ತಡೆದ ಆ ಚಿತ್ರವೇ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಆ ಗೌರವ ಅದೇ ಮೊದಲು.

ಅಷ್ಟಕ್ಕೂ ರೆಡ್ಡಿ ಎಷ್ಟು ಹೊರಗಿನವರು? ಆಂಧ್ರದ ಗಡಿಗೆ ತಾಗಿದ ನಮ್ಮ ಹಿರಿಯೂರು ತಾಲ್ಲೂಕಿನಲ್ಲಿ ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ ಆಡುವವರನ್ನು ಯಾರೂ ಪರಕೀಯರೆನ್ನುವುದಿಲ್ಲ. ಭಾಷೆ ಒಂದೇ ಆದ ಮಾತ್ರಕ್ಕೆ ಒಮ್ಮತ ಮೂಡುವುದೂ ಇಲ್ಲ. 1972ರ ‘ನಾಗರಹಾವು’ ನಮ್ಮ ಕೋಟೆಯನ್ನು ನಾಡಿನ ಕಣ್ಣಿಗೆ ತಂದಿತು. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಕನ್ನಡಿಗರೇ. ಆದರೂ ಕಾದಂಬರಿ ಬರೆದ ತ.ರಾ.ಸು. ಅವರಿಗೆ ಚಿತ್ರ ಒಪ್ಪಿಗೆಯಾಗಲಿಲ್ಲ.

ನನಗೆ ಹೆಚ್ಚು ಕಾಡುವ ಆಕ್ಷೇಪ ಬೇರೆ. ರೆಡ್ಡಿ ನೆಚ್ಚಿದ ಒಳಗಿನವರೆಲ್ಲ ಓದಿದ, ಬರೆಯಬಲ್ಲ ಗಂಡಸರು. ನಾರಣಪ್ಪನ ಸಂಗಾತಿ ಚಂದ್ರಿಯ ಪಾತ್ರವನ್ನು ರೆಡ್ಡಿಯವರ ಪತ್ನಿ ಸ್ನೇಹಲತಾ ನೋಟದಲ್ಲೇ ತುಂಬಿಕೊಟ್ಟರು, ನಿಜ. ಆದರೆ ಆ ಅಗ್ರಹಾರವನ್ನು ಚಂದ್ರಿಯಂಥವರು ಹೇಗೆ ಹೇಳುತ್ತಿದ್ದರು ಎಂದು ಕೇಳಿದವರಿಲ್ಲ. ಒಳಗೂ ಒಂದು ಹೊರಗಿರುತ್ತದೆ. ಬಂದವರು ಅಲ್ಲಿಯವರೆಗೆ ನಡೆಯದಿದ್ದರೆ ಊರಿನ ಬಲಾಢ್ಯರ ಕಥೆಯೇ ಊರಿನ ಕಥೆಯಾಗುತ್ತದೆ.

ಆದರೂ ಆ ದಂಪತಿಯನ್ನು ಹೊರಗಿನವರೆನ್ನಲು ನನಗೆ ಮನಸ್ಸು ಬಾರದು. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿನಲ್ಲಿ ನರಳಿದ ಸ್ನೇಹಲತಾ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ರೆಡ್ಡಿ ‘ಚಂಡಮಾರುತ’ ಚಿತ್ರವನ್ನೂ ಕನ್ನಡದಲ್ಲೇ ಮಾಡಿದರು, 2006ರಲ್ಲಿ ಬೆಂಗಳೂರಿನಲ್ಲೇ ಕೊನೆಯುಸಿರೆಳೆದರು.

ಮತ್ತೆ ನಮ್ಮ ಊರಿನ ಕಥೆಗೆ ಬರುತ್ತೇನೆ. 2022ರಲ್ಲಿ ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿತ್ತು. ನೋಡಲು ಜನ ಮುಗಿಬಿದ್ದರು. ನಾಳೆ ಯಾರಾದರೂ ಅದರ ಸಿನಿಮಾ ಮಾಡಲು ಬಂದರೆ ಅವರ ಊರು ಯಾವುದೆಂದು ನಾನು ಕೇಳುವುದಿಲ್ಲ. ಹೊಸದುರ್ಗದ ಕಡೆ ಹಿನ್ನೀರು ನುಗ್ಗಿದ ತೋಟದವರ ಬಳಿ ಎಷ್ಟು ಹೊತ್ತು ಕುಳಿತಿದ್ದಿರಿ, ಅಲ್ಲಿ ಕೂಲಿ ಮಾಡುವ ಹೆಂಗಸರು ಏನಂದರು ಎಂದು ಕೇಳುತ್ತೇನೆ.