‘ಪರವಾಗಿಲ್ಲ’ ಎಂಬ ಉತ್ತರ

ದೂರ ದೇಶದಿಂದ ನಮ್ಮಲ್ಲಿಗೆ ಓದಲು ಬಂದವರನ್ನು ಕಂಡರೆ ನಾವು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಕಾಲೇಜು ಹೇಗಿದೆ? ನಮ್ಮ ಊರು ಹಿಡಿಸಿತೇ?’ ಉತ್ತರವೂ ಹೆಚ್ಚು ಕಡಿಮೆ ಒಂದೇ, ‘ಚೆನ್ನಾಗಿದೆ’. ನಾಲ್ಕು ಮಾತು ಕನ್ನಡ ಕಲಿತವರಾದರೆ ‘ಪರವಾಗಿಲ್ಲ’. ನಾವು ಸಂತೋಷಪಟ್ಟು ಮುಂದೆ ಹೋಗುತ್ತೇವೆ. ಕಾಲೇಜುಗಳೂ ಇದನ್ನೇ ಕೇಳುತ್ತವೆ, ಒಂದರಿಂದ ಐದರವರೆಗೆ ಅಂಕ ಕೊಡಿ ಎನ್ನುತ್ತವೆ. ಬಂದ ಅಂಕಗಳು ಮುಂದಿನ ವರ್ಷದ ಜಾಹೀರಾತಿಗೆ ಒದಗುತ್ತವೆ. ಆದರೆ ಬೇರೆ ಉತ್ತರ ಕೊಡಲು ಆಗದವರ ಬಾಯಿಂದ ಬಂದ ‘ಚೆನ್ನಾಗಿದೆ’ಗೆ ಎಷ್ಟು ಬೆಲೆ?

ಈ ಪ್ರಶ್ನೆ ಬೇರೆಯವರದ್ದಲ್ಲ. 2019-20ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು ಸುಮಾರು 49 ಸಾವಿರ. ಅವರಲ್ಲಿ ಅತಿ ಹೆಚ್ಚು ಮಂದಿ ಇದ್ದದ್ದು ಕರ್ನಾಟಕದಲ್ಲಿ. ಬೆಂಗಳೂರು, ಮೈಸೂರು, ಮಣಿಪಾಲಗಳ ಬೀದಿಗಳಲ್ಲಿ ನೇಪಾಳ, ಅಫ್ಘಾನಿಸ್ತಾನ, ಸುಡಾನ್, ಯೆಮನ್‌ಗಳ ಮಕ್ಕಳನ್ನು ನಾವೆಲ್ಲ ಕಂಡಿದ್ದೇವೆ.

ಅವರು ಕಾಲೇಜನ್ನು ಆರಿಸುವ ಬಗೆ ಹೇಗೆ? ಅನೇಕರ ಪಾಲಿಗೆ ಏಜೆಂಟನೊಬ್ಬ ಮುಂದಿಡುವ ಬಣ್ಣದ ಪುಸ್ತಿಕೆಯೇ ಆಧಾರ. ಸೇರಿಸಿದ ತಲೆಯೊಂದಕ್ಕೆ ಇಷ್ಟೆಂದು ಆ ಏಜೆಂಟನಿಗೆ ಕಾಲೇಜಿನಿಂದಲೇ ಹಣ ಸಲ್ಲುವುದುಂಟು. ಇದನ್ನು ಆತ ಹುಡುಗನಿಗೆ ಹೇಳುವುದು ಅಪರೂಪ. ಎಷ್ಟೋ ಕಡೆ ವಿದೇಶಿಯರಿಗೆ ಶುಲ್ಕವೇ ಬೇರೆ, ಲೆಕ್ಕ ಡಾಲರಿನಲ್ಲಿ. ಬಂದಿಳಿದ ಮೂರು ತಿಂಗಳಲ್ಲಿ ಪ್ರಯೋಗಾಲಯ ಫೋಟೋದಲ್ಲಷ್ಟೇ ದೊಡ್ಡದು ಎಂದು ತಿಳಿಯಿತೆನ್ನಿ. ಮುಂದೇನು? ವೀಸಾ ಆ ಕಾಲೇಜಿಗೆ ಕಟ್ಟಿಕೊಂಡಿದೆ. ಬದಲಿಸಬೇಕಾದರೆ ಸರ್ಕಾರದ ಅನುಮತಿ ಬೇಕು. ಕಟ್ಟಿದ ಹಣವನ್ನು ದುಡಿದು ತುಂಬಿಕೊಳ್ಳೋಣವೆಂದರೆ ವಿದ್ಯಾರ್ಥಿ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ. ಬಾಗಿಲು ಮುಚ್ಚಿದ ಮೇಲೆ ಕೋಣೆಯನ್ನು ಹೊಗಳುವುದು ಮನುಷ್ಯನ ಸ್ವಭಾವ. ಉರ್ದುವಿನಲ್ಲಿ ‘ಇತ್ಮಿನಾನ್’ ಬೇರೆ, ‘ತಸಲ್ಲಿ’ ಬೇರೆ. ಮೊದಲನೆಯದು ಮನಸ್ಸು ತಾನಾಗಿ ನೆಲೆಗೊಂಡ ಸ್ಥಿತಿ. ಎರಡನೆಯದು ನಮಗೆ ನಾವೇ ಹೇಳಿಕೊಳ್ಳುವ ಸಮಾಧಾನ. ಸಮೀಕ್ಷೆಯ ಹಾಳೆಯಲ್ಲಿ ಎರಡಕ್ಕೂ ನಾಲ್ಕೇ ಅಂಕ!

‘ಪರವಾಗಿಲ್ಲ’ ಎಂಬ ಮಾತನ್ನೇ ನೋಡಿ. ಫಾರ್ಸಿಯ ‘ಪರವಾ’ಕ್ಕೆ ಕನ್ನಡದ ‘ಇಲ್ಲ’ ಕೂಡಿ ಆದದ್ದು. ಅದೂ ಹೊರಗಿನಿಂದ ಬಂದು ಇಲ್ಲಿಯದೇ ಆದ ಮಾತು. ಊರಿನಿಂದ ಅಮ್ಮ ಫೋನಿನಲ್ಲಿ ಕೇಳುತ್ತಾಳೆ, ‘ಎಲ್ಲ ಸರಿಯಾಗಿದೆಯಾ ಮಗನೇ?’ ಹೊಲವನ್ನೋ ಒಡವೆಯನ್ನೋ ಮಾರಿ ಕಳಿಸಿದವಳಿಗೆ ಹುಡುಗ ಬೇರೇನು ಹೇಳಿಯಾನು? ಅದನ್ನು ಸುಳ್ಳೆಂದು ಕರೆಯಲು ನಮಗೆ ಮನಸ್ಸಿಲ್ಲ. ಅದು ಕರುಣೆ. (ಅಮ್ಮನೂ ನಂಬಿರುವುದಿಲ್ಲ, ಆ ಮಾತು ಬೇರೆ.) ಆದರೆ ಮರುದಿನ ಅದೇ ಊರಿನ ಕಿರಿಯನೊಬ್ಬ ಕೇಳುತ್ತಾನೆ, ‘ಅಣ್ಣಾ, ನಾನೂ ಅಲ್ಲಿಗೇ ಬರಲಾ?’ ಈಗ ಅದೇ ‘ಪರವಾಗಿಲ್ಲ’ ಸಾಕ್ಷಿಯ ಮಾತಾಗುತ್ತದೆ. ಇನ್ನೊಂದು ಮನೆಯ ಹೊಲ ಅದರ ಮೇಲೆ ನಿಂತಿದೆ. ಕಿರಿಯ ತನ್ನ ನಂಬಿಕೆಯನ್ನು ಅಮಾನತ್ತಾಗಿ ಇವನ ಕೈಗಿಟ್ಟಿದ್ದಾನೆ. ಇಲ್ಲಿ ಕರುಣೆಯ ನೆಪ ನಡೆಯದು. ಇದ್ದದ್ದನ್ನು ಇದ್ದಂತೆ ಹೇಳಲೇಬೇಕು, ತಾನು ಮೋಸ ಹೋದದ್ದು ಊರಿಗೆಲ್ಲ ಗೊತ್ತಾದರೂ ಸರಿ. ಇದು ಸುಲಭವಲ್ಲ. ಆ ಕಷ್ಟವನ್ನು ಇಪ್ಪತ್ತರ ಹುಡುಗನೊಬ್ಬನ ತಲೆಗೇ ಕಟ್ಟಿ, ಕಾಲೇಜೂ ಏಜೆಂಟನೂ ನಾವೂ ಕೈತೊಳೆದುಕೊಳ್ಳುವುದು ಯಾವ ನ್ಯಾಯ?

ನಾವೂ ಎಂದೆವು. ಕಾಲೇಜನ್ನು ಆರಿಸಿದವರು ಅದಕ್ಕೆ ಹೋಗುವ ರಸ್ತೆಯನ್ನೂ ಆರಿಸಿದಂತಾಗುತ್ತದೆ. ಆ ರಸ್ತೆಯಲ್ಲಿರುವವರು ನಾವು. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಾಗಿ ಬೇರೆ ಕಾರಿನಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಎರಗಿತು. ಹೊಡೆಯಿತು, ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಇಟ್ಟಿತು. ಆಕೆಗೂ ಆ ಅಪಘಾತಕ್ಕೂ ಸಂಬಂಧವಿರಲಿಲ್ಲ. ಮೈಬಣ್ಣವೊಂದೇ ಗುಂಪಿಗೆ ಸಾಕಾಯಿತು. ಆ ರಾತ್ರಿಗೆ ಐದರಲ್ಲಿ ಎಷ್ಟು ಅಂಕ ಕೊಡಬೇಕು?

‘ಅವರ ದೇಶಕ್ಕಿಂತ ಇಲ್ಲಿ ಮೇಲಲ್ಲವೇ?’ ಎಂದು ಕೇಳುವವರೂ ಇದ್ದಾರೆ. 2021ರ ಆಗಸ್ಟಿನಲ್ಲಿ ಕಾಬೂಲ್ ತಾಲಿಬಾನರ ವಶವಾದಾಗ ಮೈಸೂರು, ಬೆಂಗಳೂರುಗಳಲ್ಲಿ ಓದುತ್ತಿದ್ದ ಅಫ್ಘಾನ್ ವಿದ್ಯಾರ್ಥಿಗಳಿಗೆ ಮರಳುವ ದಾರಿಯೇ ಮಸುಕಾಯಿತು. 2022ರ ಡಿಸೆಂಬರಿನಲ್ಲಿ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲನ್ನೇ ಮುಚ್ಚಲಾಯಿತು. ಅಂಥ ಹುಡುಗಿಗೆ ನಮ್ಮ ತರಗತಿಯ ಬೆಂಚು ದೊಡ್ಡದೇ, ನಿಜ. ಆದರೆ ಅವಳ ಊರಿನ ಕತ್ತಲೆಯನ್ನು ನಮ್ಮ ದೀಪದ ಹೆಚ್ಚುಗಾರಿಕೆಯೆಂದು ಲೆಕ್ಕ ಹಾಕುವುದು ಮರ್ಯಾದೆಯಲ್ಲ. ನಿರಾಶ್ರಿತಳ ಕೃತಜ್ಞತೆ ಬೇರೆ, ಶುಲ್ಕ ಕಟ್ಟಿದವಳ ತೃಪ್ತಿ ಬೇರೆ.

ತೃಪ್ತಿಯನ್ನು ನಿಜವಾಗಿ ತಿಳಿಯಬೇಕೆಂಬ ಕಾಲೇಜು ಮೊದಲು ಏಜೆಂಟನಿಗೆ ಎಷ್ಟು ಕೊಟ್ಟೆನೆಂದು ಬಹಿರಂಗಪಡಿಸಲಿ. ಮೊದಲ ಸೆಮಿಸ್ಟರಿನಲ್ಲಿ ಬಿಟ್ಟು ಹೋಗುವವರ ಹಣವನ್ನು ಹಿಂತಿರುಗಿಸಲಿ. ಅಂಕಪಟ್ಟಿ, ವರ್ಗಾವಣೆ ಪತ್ರ ಎಲ್ಲವೂ ಕೈಸೇರಿ, ವಿಮಾನ ಹತ್ತಿ, ಮನೆ ಮುಟ್ಟಿದ ಮೇಲೆ ಆ ಮಕ್ಕಳಿಗೆ ಒಂದು ಪತ್ರ ಬರೆದು ಕೇಳಲಿ: ‘ನಿಮ್ಮ ತಮ್ಮನನ್ನು ನಮ್ಮಲ್ಲಿಗೆ ಕಳಿಸುವಿರಾ?’