ಮರಣವಿಚಾರಣೆಯಲ್ಲಿ ವರ್ಣಭೇದ

ಸತ್ತವನು ತನ್ನ ಪರವಾಗಿ ತಾನು ಸಾಕ್ಷಿ ನುಡಿಯಲಾರನು. ಆದುದರಿಂದಲೇ ಕೊಲೆಯಾದೆಡೆಯಲ್ಲಿ ಸತ್ಯವನ್ನು ಅರಸುವ ಭಾರವನ್ನು ರಾಜ್ಯವು ಹೊತ್ತಿರುವುದು. ಆ ಕಾರ್ಯಕ್ಕೆ ನಿಯುಕ್ತನಾದವನು ಸತ್ತವನ ಮೈಬಣ್ಣವನ್ನು ಕಂಡು ಉದಾಸೀನನಾದರೆ ಗತಿಯೇನು? ಇಂಗ್ಲೆಂಡಿನಲ್ಲಿ ನಡೆದ ಪ್ರಕರಣವೊಂದನ್ನು ಸಜ್ಜನರು ಮನನ ಮಾಡತಕ್ಕದ್ದು.

1993ನೆಯ ಇಸವಿ ಏಪ್ರಿಲ್ 22ರ ರಾತ್ರಿ, ಲಂಡನ್ನಿನ ಎಲ್ಥಮ್ ಎಂಬಲ್ಲಿ ಬಸ್ಸಿಗಾಗಿ ಕಾದಿದ್ದ ಸ್ಟೀಫನ್ ಲಾರೆನ್ಸ್ ಎಂಬ 18 ವರ್ಷದ ಕಪ್ಪು ವರ್ಣದ ತರುಣನನ್ನು ಬಿಳಿಯ ಯುವಕರ ಗುಂಪೊಂದು ಇರಿದು ಕೊಂದಿತು. ಸ್ಥಳಕ್ಕೆ ಬಂದ ಪೋಲೀಸರು ನೆತ್ತರು ಸುರಿಸುತ್ತ ಬಿದ್ದವನಿಗೆ ಪ್ರಥಮಚಿಕಿತ್ಸೆ ಮಾಡಲಿಲ್ಲ. ಹೊಡೆದಾಟದಲ್ಲಿ ಆದುದಿರಬೇಕೆಂದು ಬಗೆದರು. ಜೊತೆಯಲ್ಲಿದ್ದು ಬದುಕುಳಿದ ಗೆಳೆಯನನ್ನು ನೊಂದವನೆಂದು ಕಾಣದೆ ಶಂಕೆಯಿಂದ ಕಂಡರು. ಕೊಂದವರೆನ್ನಲಾದವರ ಹೆಸರುಗಳು ಬೇಗನೆ ಬಂದರೂ ಬಂಧನಗಳಾದುದು ಎರಡು ವಾರಗಳ ಮೇಲೆ. ತಾನು ಕೊಟ್ಟ ಹೆಸರುಗಳ ಚೀಟಿಯನ್ನು ಅಧಿಕಾರಿಯೊಬ್ಬನು ಕೈಯಲ್ಲಿ ಸಣ್ಣದಾಗಿ ಮುದುಡಿದನೆಂದು ತಾಯಿ ಡೊರೀನ್ ಲಾರೆನ್ಸ್ ನೊಂದು ಹೇಳಿದ್ದುಂಟು. ಮಗನನ್ನು ಕಳೆದುಕೊಂಡವಳು ತಂದ ಚೀಟಿಯದು!

1997ರಲ್ಲಿ ಮರಣವಿಚಾರಣೆಯ ಪಂಚರು, ಯಾವ ಪ್ರಚೋದನೆಯೂ ಇಲ್ಲದೆ ಐವರು ಬಿಳಿಯ ಯುವಕರು ವರ್ಣದ್ವೇಷದಿಂದ ಮಾಡಿದ ಕೊಲೆಯಿದೆಂದು ನಿರ್ಣಯವಿತ್ತರು. ಅನಂತರ ಸರ್ ವಿಲಿಯಂ ಮ್ಯಾಕ್‌ಫರ್ಸನ್ ಎಂಬ ನಿವೃತ್ತ ನ್ಯಾಯಾಧೀಶರ ಆಯೋಗವು ತನಿಖೆಯನ್ನೇ ಪರೀಕ್ಷಿಸಿ 1999ರಲ್ಲಿ ವರದಿಯನ್ನೊಪ್ಪಿಸಿತು. ಕರ್ತವ್ಯದಲ್ಲಿ ಅಸಾಮರ್ಥ್ಯ, ಹಿರಿಯ ಅಧಿಕಾರಿಗಳ ನಾಯಕತ್ವದ ಸೋಲು, ಇವೆರಡರ ಜೊತೆಗೆ ಇಡೀ ಸಂಸ್ಥೆಯಲ್ಲಿಯೇ ಬೇರುಬಿಟ್ಟ ವರ್ಣಭೇದವನ್ನೂ ಅದು ಎತ್ತಿ ತೋರಿತು. ಇಲ್ಲಿ ಕೊಂಚ ನಿಲ್ಲಬೇಕು. ದ್ವೇಷವನ್ನು ಬಾಯಿಬಿಟ್ಟು ಆಡುವವನನ್ನು ಹಿಡಿದು ಶಿಕ್ಷಿಸಬಹುದು. ಈ ವರದಿಯು ಹೇಳಿದುದಾದರೋ, ತಾನು ಪಕ್ಷಪಾತಿಯೆಂದು ತಾನೇ ಅರಿಯದವನ ವಿಷಯ. ಆತನು ಸುಳ್ಳಾಡಲಿಲ್ಲ, ಲಂಚ ಮುಟ್ಟಲಿಲ್ಲ. ಕಪ್ಪು ಹುಡುಗನೆಂದೊಡನೆ 'ಜಗಳಗಂಟ'ನೆಂಬ ಮಾತು ಮನಸ್ಸಿನಲ್ಲಿ ತಾನಾಗಿ ಮೂಡಿತು, ಕೇಳಬೇಕಾದ ಪ್ರಶ್ನೆ ಉಳಿದುಹೋಯಿತು. ಅಂತರಂಗವನ್ನು ಶೋಧಿಸಿಕೊಳ್ಳದವನ ಕೈಯಲ್ಲಿ ಕಾನೂನಿನ ಗ್ರಂಥವಿದ್ದು ಫಲವೇನು? ಆಯೋಗವು 70 ಶಿಫಾರಸುಗಳನ್ನು ಮಾಡಿತು. 2000ದಲ್ಲಿ ವರ್ಣಭೇದವಿರೋಧಿ ಶಾಸನವು ಪೋಲೀಸರ ಕಾರ್ಯಕ್ಕೂ ವ್ಯಾಪಿಸಿತು. ಬಿಡುಗಡೆಯಾದವನನ್ನು ಅದೇ ಅಪರಾಧಕ್ಕೆ ಮತ್ತೆ ವಿಚಾರಿಸಬಾರದೆಂಬ ಪುರಾತನ ನಿಯಮವೂ ಘೋರ ಅಪರಾಧಗಳ ಮಟ್ಟಿಗೆ 2005ರಿಂದ ಸಡಿಲವಾಯಿತು.

ಕಡೆಗೆ 2012ರ ಜನವರಿಯಲ್ಲಿ ಇಬ್ಬರು ದೋಷಿಗಳೆಂದು ತೀರ್ಪಾಯಿತು. ಅವರಲ್ಲೊಬ್ಬನ ಮೇಲಂಗಿಯ ಕತ್ತುಪಟ್ಟಿಯಲ್ಲಿದ್ದ ನೆತ್ತರಿನ ಸೂಕ್ಷ್ಮಬಿಂದುವೇ ಮುಖ್ಯ ಸಾಕ್ಷ್ಯ. ಆ ಮೇಲಂಗಿಯು 1993ರಿಂದಲೂ ಪೋಲೀಸರ ವಶದಲ್ಲಿಯೇ ಇದ್ದಿತು. ಪಂಚರು ಹೇಳಿದ್ದುದು ಐವರೆಂದು.