ಇಟ್ಟರೆ ಮಾಗದ ಹಣ್ಣು

ಜನವರಿಯಲ್ಲಿ ಮಹಾಬಲೇಶ್ವರದ ಸ್ಟ್ರಾಬೆರಿ ಬೆಂಗಳೂರಿನ ತಳ್ಳುಗಾಡಿಗೂ ಬಂದುಬಿಡುತ್ತೆ. ಬುಧವಾರ ಎರಡು ಬಾಕ್ಸ್ ತಂದೆ. ಮಗಳು ಆಗಲೇ ಕೇಳಿದಳು. ನಾನು ಲ್ಯಾಪ್‌ಟಾಪ್ ಮುಂದಿದ್ದೆ. 'ಭಾನುವಾರ ಎಲ್ಲರೂ ಕೂತು ತಿನ್ನೋಣ' ಅಂತ ಫ್ರಿಜ್ಜಲ್ಲಿಟ್ಟೆ. ಭಾನುವಾರ ತೆಗೆದರೆ ಮೇಲೆಲ್ಲ ಬೂಷ್ಟು.

ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಕಾಯುವ ಮನೆಯಲ್ಲಿ ಬೆಳೆದವನು ನಾನು. ಕಾದರೆ ಸಿಹಿಯಾಗುತ್ತೆ ಅನ್ನೋದು ಅಲ್ಲೇ ಕಲಿತ ಪಾಠ. ಆದರೆ ಸ್ಟ್ರಾಬೆರಿ ಕಿತ್ತ ಮೇಲೆ ಮಾಗುವ ಹಣ್ಣಲ್ಲ. ಬಣ್ಣ ಗಾಢವಾಗಬಹುದು, ಸಿಹಿ ಮಾತ್ರ ಗಿಡದಲ್ಲಿ ಎಷ್ಟಿತ್ತೋ ಅಷ್ಟೇ. ಜಾಮ್ ಮಾಡಬಹುದಲ್ಲ ಅಂತೀರಿ. ಮಿಕ್ಕಿದ್ದಕ್ಕೆ ಅದು ಸರಿ. ಆದರೆ ತಿನ್ನದೇ ಜಾಮ್ ಮಾಡೋದು, ನೋಡದೇ ಫೋಟೋ ತೆಗೆದ ಹಾಗೆ.

ಉಳಿತಾಯ, ಪ್ರಮೋಷನ್ನು, ಮನೆ ಸಾಲ ಇವೆಲ್ಲ ಮಾವಿನ ಜಾತಿ, ಕಾಯಲೇಬೇಕು. ಮಗಳ ಆರನೇ ವರ್ಷ ಯಾವ ಜಾತಿ? ತಾಳ್ಮೆ ದೊಡ್ಡ ಗುಣವೇ, ಅನುಮಾನವಿಲ್ಲ. ಆದರೆ ನನ್ನ ಎಷ್ಟೋ 'ಆಮೇಲೆ'ಗಳು ತಾಳ್ಮೆಯಾಗಿರಲಿಲ್ಲ, ಬರೀ ಮುಂದೂಡಿಕೆಯಾಗಿದ್ದವು.

ಮೊನ್ನೆ ಮತ್ತೊಂದು ಬಾಕ್ಸ್ ತಂದೆ. ತೊಳೆದು, ಸಿಂಕ್ ಪಕ್ಕ ನಿಂತುಕೊಂಡೇ ಅಪ್ಪ-ಮಗಳು ಮುಗಿಸಿದೆವು. ತನಗೆ ಒಂದೂ ಉಳಿಸಲಿಲ್ಲ ಅಂತ ಹೆಂಡತಿ ಬೈದಳು. ನ್ಯಾಯವೇ. ಇನ್ನೂ ಸೀಸನ್ ಇದೆ, ನಾಳೆ ಅವಳನ್ನೂ ಸಿಂಕ್ ಹತ್ತಿರ ಕರೀಬೇಕು.